ನೆಕ್ಕಿ ನೆಕ್ಕಿ ಬೋಳಾದ ಕರು

ನನ್ನ ಕೆಲಸ ಎಂತ ಅಂತ ಕೇಳಿದವರಿಗೆ ಸುಳ್ಳು ಹೇಳುವುದನ್ನು ನಾನು ಈಗ ಬಿಟ್ಟಿದ್ದೇನೆ. ಮೊದಲೆಲ್ಲ "ಮಣಿಪಾಲದಲ್ಲಿ, ಕಾಲೇಜಿನಲ್ಲಿ" ಅನ್ನುತ್ತಿದ್ದೆ. ಕೇಳಿದವರು ನನ್ನನ್ನು ಟೀಚರ್ ಅಂದುಕೊಂಡು ಅಣ್ಣನ ಮಗನ ಸೀಟಿನ ವಿಷಯ ತೆಗೆಯುತ್ತಿದ್ದರು. ಈಗ ನೇರವಾಗಿ ಹೇಳುತ್ತೇನೆ: ಸತ್ತ ಪ್ರಾಣಿಗಳ ಚರ್ಮದಲ್ಲಿ ರೋಮ ಉದುರಿದ ಜಾಗಕ್ಕೆ ರೋಮ ನೆಡುವುದು. ಕೂಡಲೇ ಅವರು ಬಸ್ಸಿನ ಸೀಟಿನಲ್ಲಿ ಸ್ವಲ್ಪ ಆಚೆ ಸರಿಯುತ್ತಾರೆ. ನನಗೂ ಕೂರಲಿಕ್ಕೆ ಜಾಗ ಆಗುತ್ತದೆ.

ಆ ಕಾಲೇಜಿನ ಮ್ಯೂಸಿಯಮ್ಮಿನಲ್ಲಿ ಒಂದು ಹಳೆಯ ಸಂಗ್ರಹ ಉಂಟು. ಒಂದು ಚಿರತೆ, ನರಿಗಳು, ನೀರುನಾಯಿ, ಪುನುಗು ಬೆಕ್ಕು, ಒಂದು ಕಿವಿ ಇಲ್ಲದ ಕಾಡುಕುರಿ. ಯಾವ ಕಾಲದಲ್ಲಿ ಯಾರು ಹೊಡೆದದ್ದೋ, ಈಗ ಕೇಳಿದರೆ ಹೇಳುವವರಿಲ್ಲ. ಮಳೆಗಾಲದಲ್ಲಿ ಬೂಷ್ಟು, ಬೇಸಿಗೆಯಲ್ಲಿ ಹುಳ, ವರ್ಷವಿಡೀ ಹಾಸ್ಟೆಲಿನ ಮಕ್ಕಳು. ಈ ಮೂರರಲ್ಲಿ ಮಕ್ಕಳದ್ದೇ ಹೆಚ್ಚು ಉಪದ್ರ. ಪರೀಕ್ಷೆಗೆ ಮುಂಚೆ ಚಿರತೆಯ ಹಣೆ ಸವರಿದರೆ ಪಾಸಾಗುತ್ತದೆ ಅಂತ ಯಾವನೋ ಒಬ್ಬ ಹಬ್ಬಿಸಿದ್ದಾನೆ. ಎಲ್ಲೆಲ್ಲಿಂದಲೋ ಬಂದ ಮಕ್ಕಳು, ಡಾಕ್ಟರಾಗುವವರು, ಬಂದು ಸವರಿ ಹೋಗುತ್ತಾರೆ. ಅವರು ಪಾಸಾಗುತ್ತಾರೆ, ಚಿರತೆಯ ಹಣೆ ಬೋಳಾಗುತ್ತದೆ, ನಾನು ಮತ್ತೆ ಚಿಮಟ ಹಿಡಿದು ಕೂರುತ್ತೇನೆ.

ಅಟೆಂಡರ್ ಆಗಿ ಸೇರಿದವಳಿಗೆ ಈ ಕೆಲಸ ಕಲಿಸಿದ್ದು ಅಲ್ಲಿದ್ದ ಹಳೆಯ ಟೆಕ್ನಿಶಿಯನ್. ಈಗ ಅವರಿಲ್ಲ. ಊಟದ ಹೊತ್ತಿಗೆ ನಾನು ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುವುದನ್ನು ನೋಡಿ, "ನಿನ್ನ ಬೆರಳು ಹಾಳಾಗ್ತಾ ಉಂಟು, ಬಾ ಇಲ್ಲಿ" ಅಂತ ಕರೆದಿದ್ದರು. ರೋಮ ನೆಡುವುದು ಅಂದರೆ ಮಾಡಿಗೆ ಹಂಚು ಹೊದಿಸಿದ ಹಾಗೆ. ಕೆಳಗಿನ ಸಾಲಿನಿಂದ ಶುರು ಮಾಡಬೇಕು. ರೋಮ ಮಲಗುವುದು ತಲೆಯಿಂದ ಬಾಲದ ಕಡೆಗೆ, ಹಾಗಾಗಿ ನೆಡುವುದು ಬಾಲದ ಕಡೆಯಿಂದ ತಲೆಯ ಕಡೆಗೆ. ಒಂದು ಸಾಲಿನ ಬುಡವನ್ನು ಮೇಲಿನ ಸಾಲು ಮುಚ್ಚಬೇಕು. ಹೊಟ್ಟೆಯಡಿಯಿಂದಲೋ ತೊಡೆಯ ಒಳಗಿನಿಂದಲೋ, ಯಾರೂ ನೋಡದ ಜಾಗದಿಂದ, ಒಂದು ಚಿಟಿಕೆ ರೋಮ ತೆಗೆದು, ಬುಡಕ್ಕೆ ಅಂಟು ಮುಟ್ಟಿಸಿ, ಇಟ್ಟು, ಉಸಿರು ಹಿಡಿದು ಕಾಯಬೇಕು. ಸುಳಿ ಬಂದಲ್ಲಿ ಮಾತ್ರ ಕಷ್ಟ. ಅಲ್ಲಿ ರೋಮ ಸುತ್ತ ತಿರುಗುತ್ತದೆ. ಗೊತ್ತಿಲ್ಲದವರು ನೇರ ನೆಟ್ಟರೆ ಪ್ರಾಣಿ ಇನ್ನೊಬ್ಬರ ಟೊಪ್ಪಿ ಹಾಕಿಕೊಂಡ ಹಾಗೆ ಕಾಣುತ್ತದೆ. "ನೋಡಿದವನಿಗೆ ನಿನ್ನ ಕೆಲಸ ಕಾಣಬಾರದು" ಎನ್ನುತ್ತಿದ್ದರು ಅವರು.

ಆ ಕೋಣೆಯಲ್ಲಿ ಒಬ್ಬಳೇ ಇರಲಿಕ್ಕೆ ಹೆದರಿಕೆ ಆಗುವುದಿಲ್ಲವಾ ಅಂತ ತುಂಬಾ ಜನ ಕೇಳಿದ್ದಾರೆ. ಯಾಕೆ ಆಗಬೇಕು? ಅವುಗಳನ್ನು ಹುಡುಕಿಕೊಂಡು ಬರುವವರು ಯಾರೂ ಇಲ್ಲ. ನನಗೆ ಹೆದರಿಕೆ ಹುಟ್ಟಿಸಿದ್ದು ಹುಲ್ಲು ತುಂಬಿದ ಒಂದು ಕರು. ಅದಕ್ಕೆ ತಾಯಿ ಇತ್ತು.

ಅದಕ್ಕೆ ಮೊದಲು ನನ್ನ ಮನೆಯ ವಿಷಯ ಸ್ವಲ್ಪ ಹೇಳಬೇಕು. ನಾವು ಕಾಪುವಿನ ಕಡಲ ಬದಿಯವರು. ಅಪ್ಪ ಬೇಗ ಹೋದರು. ಅಮ್ಮ ಬುಟ್ಟಿ ಹೊತ್ತು ಮೀನು ಮಾರಿ ನನ್ನನ್ನು ಬೆಳೆಸಿದಳು. ಈಗ ಮಂಡಿ ನೋವು, ಮನೆಯಲ್ಲೇ ಇರುತ್ತಾಳೆ. ಬಾಯಿ ಮಾತ್ರ ಇನ್ನೂ ಮೀನು ಮಾರ್ಕೆಟಿನಲ್ಲೇ ಉಂಟು. ನಾನು ಮದುವೆಯಾಗಲಿಲ್ಲ. ಅದು ಬೇರೆ ಕತೆ, ಅದರಲ್ಲಿ ಎಂತದೂ ಸ್ವಾರಸ್ಯ ಇಲ್ಲ.

ನನಗಿಂತ ಮೊದಲು ಅಮ್ಮನಿಗೆ ಒಂದು ಹೆಣ್ಣುಮಗು ಇತ್ತು. ನಡೆಯಲಿಕ್ಕೆ ಕಲಿತು, ಮಾತು ಕಲಿತು, ಒಂದು ಜ್ವರದಲ್ಲಿ ಹೋಯಿತು. ನಾನು ಆಗ ಅಮ್ಮನ ಹೊಟ್ಟೆಯಲ್ಲಿದ್ದೆ. ಹುಟ್ಟಿದ ಮೇಲೆ ಕೇರಿಯವರೆಲ್ಲ "ಅವಳೇ ತಿರುಗಿ ಬಂದದ್ದು" ಅಂದರಂತೆ. ದೊಡ್ಡವಳಾಗುವವರೆಗೂ ನಾನು ಆ ಮಾತು ಕೇಳಿದ್ದೇನೆ. ಗೋಡೆಯಲ್ಲಿ ಅವಳ ಫೋಟೋ ಇತ್ತು, ಉಡುಪಿಯ ಸ್ಟುಡಿಯೋದಲ್ಲಿ ತೆಗೆದದ್ದು. ನೆರಿಗೆ ಇಟ್ಟ ಫ್ರಾಕು, ಕುತ್ತಿಗೆಗೆ ಅಗಲದ ಕಾಲರ್. ತುಂಬಾ ಸಮಯ ಅದು ನಾನೇ ಅಂದುಕೊಂಡಿದ್ದೆ. ಆ ಫ್ರಾಕು ಬೇಕು ಅಂತ ಹಟ ಹಿಡಿದು ಅಮ್ಮನ ಟ್ರಂಕು ಪೂರ್ತಿ ತೆಗೆದು ಹಾಕಿದ್ದೂ ಉಂಟು. ಅದು ಅಲ್ಲಿ ಇರಲಿಲ್ಲ. ಎಲ್ಲಿ ಅಂತ ಕೇಳಿದ್ದಕ್ಕೆ ಬೆನ್ನಿಗೆ ಒಂದು ಬಿತ್ತು.

ಇನ್ನೊಂದು ಉಂಟು. ಬೆಳಿಗ್ಗೆ ಬುಟ್ಟಿ ತೆಗೆದುಕೊಂಡು ಹೊರಡುವ ಮುಂಚೆ ಅಮ್ಮ ನನ್ನ ಮೇಲೆ ಬಗ್ಗಿ ನೆತ್ತಿ ಮೂಸುತ್ತಿದ್ದಳು. ಮುತ್ತು ಕೊಡುವುದಲ್ಲ, ಮೂಸುವುದು. ದೀರ್ಘವಾಗಿ. ಆಮೇಲೆ ಮುಖ ತಿರುಗಿಸಿ ಹೋಗುತ್ತಿದ್ದಳು. ನಾನು ಎಚ್ಚರ ಇದ್ದೂ ಕಣ್ಣು ಮುಚ್ಚಿಕೊಂಡಿರುತ್ತಿದ್ದೆ. ಆ ಮುಖ ತಿರುಗಿಸುವುದು ನನಗೆ ಗೊತ್ತಾಗುತ್ತಿತ್ತು. ಹುಡುಕಿದ್ದು ಸಿಗಲಿಲ್ಲ ಅಂತ ಅಂದುಕೊಳ್ಳುತ್ತಿದ್ದೆ. ನಾನು ಅವಳಲ್ಲ, ಅಮ್ಮನಿಗೆ ಬೇಕಾದ್ದು ಅವಳು. ಈ ಒಂದು ಸಿಟ್ಟನ್ನು ನಾನು ಉಪ್ಪಿನಕಾಯಿಯ ಹಾಗೆ ಭರಣಿಯಲ್ಲಿ ಹಾಕಿ ಇಟ್ಟುಕೊಂಡೇ ಇಷ್ಟು ವಯಸ್ಸಿಗೆ ಬಂದೆ.

ಇನ್ನು ಕರುವಿನ ವಿಷಯ. ಕಾಪುವಿನಿಂದ ಒಳಗೆ ಮಲ್ಲಿಗೆ ಬೆಳೆಯುವ ಕ್ರಿಶ್ಚಿಯನ್ ಮನೆಗಳುಂಟು. ಅಲ್ಲಿಯ ಒಬ್ಬ ಹೆಂಗಸು ಬಸ್‌ಸ್ಟ್ಯಾಂಡಿಗೆ ಹೂವು ತರುತ್ತಾರೆ. ಎಲ್ಲರೂ ಬಾಯಮ್ಮ ಅಂತ ಕರೆಯುವುದು, ನಾನೂ ಹಾಗೆಯೇ. ಮಾತು ಕಡಿಮೆ. ನನ್ನಂಥ ವಟವಟ ಅನ್ನುವವಳಿಗೆ ಅಂಥವರು ಒಳ್ಳೆಯದು. ಅವರ ಹಟ್ಟಿಯಲ್ಲಿ ಒಂದು ದನ, ಕೆಂದು ಬಣ್ಣದ್ದು. ಕಾರ್ಕಳದ ತವರುಮನೆಯಿಂದ ಚಿಕ್ಕ ಕರುವಾಗಿದ್ದಾಗ ಬಂದದ್ದು. ತವರಿನಲ್ಲಿ ಈಗ ಹಟ್ಟಿಯೂ ಇಲ್ಲ, ತಾಯಿಯೂ ಇಲ್ಲ. ಉಳಿದದ್ದು ಅಂತ ಇದ್ದರೆ ಅದೊಂದು ದನ.

ಅದು ಕರು ಹಾಕಿತು, ಕರು ಹೊಟ್ಟೆಯುಬ್ಬರ ಬಂದು ಸತ್ತಿತು. ಆಮೇಲೆ ದನ ಹಾಲು ಇಳಿಸಲಿಲ್ಲ. ಕೆಚ್ಚಲು ಕಲ್ಲಿನ ಹಾಗೆ ಆಯಿತು, ಮುಟ್ಟಿದರೆ ಒದೆ. ಆಗ ನೆರೆಯ ಒಬ್ಬ ಮುದುಕರು ಹಳೆಯ ಕ್ರಮ ಮಾಡಿದರು: ಸತ್ತ ಕರುವಿನ ಚರ್ಮಕ್ಕೆ ಉಪ್ಪು ಅರಸಿನ ಹಾಕಿ ಒಣಗಿಸಿ, ಬೈಹುಲ್ಲು ತುಂಬಿ, ಗೋಣಿದಾರದಲ್ಲಿ ಹೊಲಿದು, ಬಿದಿರಿನ ನಾಲ್ಕು ಕೋಲು ಸಿಕ್ಕಿಸಿ, ದನದ ಮುಂದೆ ನಿಲ್ಲಿಸಿದರು. ದನ ಅದನ್ನು ನೆಕ್ಕಿತು. ನೆಕ್ಕುತ್ತಾ ಹಾಲು ಬಿಟ್ಟಿತು. ದಿನಾ ಹಾಲು ಕರೆಯುವ ಹೊತ್ತಿಗೆ ಆ ಕರುವನ್ನು ತಂದು ನಿಲ್ಲಿಸುವುದು ರೂಢಿಯಾಯಿತು. ಆದರೆ ದನದ ನಾಲಿಗೆ ಅಂದರೆ ಕಬ್ಬಿಣ ಉಜ್ಜುವ ಅರ. ನೆಕ್ಕಿ ನೆಕ್ಕಿ ಹಣೆ ಬೋಳಾಯಿತು, ಬೆನ್ನು ಬೋಳಾಯಿತು, ಬಾಲದ ಬುಡ ಬೋಳಾಯಿತು. ರೋಮ ಹೋಗಿ ಬರಿ ಚರ್ಮ ನಾಲಿಗೆಗೆ ಸಿಕ್ಕಿದ ದಿನ ದನ ಮುಖ ಎತ್ತಿ ಬೇರೆ ಕಡೆ ನೋಡಿತಂತೆ. ಹಾಲು ನಿಂತಿತು.

ಬಾಯಮ್ಮ ಬಸ್‌ಸ್ಟ್ಯಾಂಡಿನಲ್ಲಿ ಇದನ್ನೆಲ್ಲ ಹೇಳಿ, "ನೀವು ರೋಮ ಅಂಟಿಸ್ತೀರಿ ಅಲ್ವಾ?" ಅಂತ ಕೇಳಿದರು.

"ನಾನು ಚಿರತೆ ಮಾಡುವವಳು ಬಾಯಮ್ಮ. ಕರು ಗಿರು ನನಗೆ ಆಗುವುದಿಲ್ಲ" ಅಂದೆ.

ಅವರು ಹೂವಿನ ಬುಟ್ಟಿ ಮುಚ್ಚಿದರು. "ಇವರು ಮಾರ್ತೇನೆ ಅಂತ ಹೇಳಿದ್ದಾರೆ. ಜನ ನೋಡಲಿಕ್ಕೂ ಬಂದು ಹೋದರು." ಇವರು ಅಂದರೆ ಗಲ್ಫಿನಿಂದ ವಾಪಸು ಬಂದ ಗಂಡ. ಕೆಟ್ಟವರಲ್ಲ. ಹಾಲು ಕೊಡದ ದನವನ್ನು ಕಟ್ಟಿ ಸಾಕುವುದರಲ್ಲಿ ಅರ್ಥ ಇಲ್ಲ ಅನ್ನುವವರು ಅಷ್ಟೇ. ಬಾಯಮ್ಮನ ಕಣ್ಣಲ್ಲಿ ನೀರು ಬರಲಿಲ್ಲ. ಬಂದಿದ್ದರೆ ನಾನು ಬೈದು ಕಳಿಸುತ್ತಿದ್ದೆ. ಬಾರದ ಕಾರಣ ಆ ಆದಿತ್ಯವಾರ ಹೋದೆ.

ಮೊದಲ ಸಲ ನಾನು ಮ್ಯೂಸಿಯಮ್ಮಿನ ಕೆಲಸದ ಹಾಗೆಯೇ ಮಾಡಿದೆ. ಒಳ್ಳೆಯ ಕಂಪೆನಿಯ ಅಂಟು, ಹೊಂದುವ ಬಣ್ಣದ ಆಡಿನ ರೋಮ. ಹಣೆಯ ಸುಳಿ ಎಷ್ಟು ಚಂದ ಬಂತು ಅಂದರೆ ನಾನೇ ಎರಡು ಸಲ ದೂರ ಹೋಗಿ ನೋಡಿದೆ. ಬಾಯಮ್ಮನ ಗಂಡ ಕೂಡ "ಆಹಾ" ಅಂದರು. ದನದ ಮುಂದೆ ಇಟ್ಟೆವು. ದನ ಮೂಗು ಹತ್ತಿರ ತಂದಿತು, ಪುಸ್ ಅಂತ ಉಸಿರು ಬಿಟ್ಟಿತು, ಹಗ್ಗ ಎಷ್ಟು ಬಿಡುತ್ತದೋ ಅಷ್ಟು ಹಿಂದೆ ಹೋಗಿ ಗೋಡೆಗೆ ಒರಗಿ ನಿಂತಿತು. ನನ್ನ ಕಸುಬು ಇಡೀ ಕಣ್ಣಿಗೆ. ದನಕ್ಕೆ ಬೇಕಾದ್ದು ಮೂಗಿಗೆ. ಅಷ್ಟು ಸಣ್ಣ ವಿಷಯ ನನ್ನ ಮಂಡೆಗೆ ಹೋಗಿರಲಿಲ್ಲ.

ಕರುವನ್ನು ಗೋಣಿಯಲ್ಲಿ ಸುತ್ತಿ ರಿಕ್ಷಾದಲ್ಲಿ ಮನೆಗೆ ತಂದೆ. "ಇದಕ್ಕೂ ಸೀಟು ಉಂಟಾ ಅಕ್ಕ?" ಅಂತ ರಿಕ್ಷಾದವ ತಮಾಷೆ ಮಾಡಿದ. "ಇದು ನಿನ್ನಷ್ಟು ಮಾತಾಡುವುದಿಲ್ಲ, ನೀನು ಬಿಡು" ಅಂದೆ. ಅಂಟಿಸಿದ್ದೆಲ್ಲ ಕಿತ್ತು, ಬಿಸಿನೀರಿನಲ್ಲಿ ಒರೆಸಿ, ಹಿಂದಿನ ಜಗಲಿಯಲ್ಲಿ ನಿಲ್ಲಿಸಿದೆ. ಅಂಟಿಗೆ ಹಲಸಿನ ಮೇಣ ನೆನಪಾಯಿತು. ಅಮ್ಮ ತೂತಾದ ಬಕೆಟಿಗೆ ಅದನ್ನೇ ಹಚ್ಚುತ್ತಿದ್ದದ್ದು. ನೀರಿಗೂ ಜಗ್ಗುವುದಿಲ್ಲ, ನೆಕ್ಕಿದರೂ ವಿಷ ಇಲ್ಲ. ರೋಮಕ್ಕೆ ಬೇರೆ ಎಲ್ಲಿಗೂ ಹೋಗಲಿಲ್ಲ. ಬಾಯಮ್ಮ ದಿನಾ ತೆಂಗಿನ ನಾರಿನಲ್ಲಿ ದನದ ಮೈ ಉಜ್ಜಿ, ಉದುರಿದ ರೋಮವನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿ ಬಸ್‌ಸ್ಟ್ಯಾಂಡಿಗೆ ತರುತ್ತಿದ್ದರು. ಹೂವಿನ ಬುಟ್ಟಿಯ ಅಡಿಯಲ್ಲಿ ಇಟ್ಟ ಕಾರಣ ಅದಕ್ಕೆ ಮಲ್ಲಿಗೆಯ ಪರಿಮಳ. ತಾಯಿಯ ಮೈಯ ರೋಮವನ್ನು ಕರುವಿನ ಮೈಗೆ ನೆಡುತ್ತಾ ಹೋದೆ. ಬಣ್ಣ ಒಂದು ಮಟ್ಟ ಗಾಢ. ಮ್ಯೂಸಿಯಮ್ಮಿನಲ್ಲಾದರೆ ನಾನು ಒಪ್ಪುತ್ತಿರಲಿಲ್ಲ.

ಆ ದಿನಗಳಲ್ಲಿ ಮನೆಯಲ್ಲಿ ನನಗೆ ಸರಿಯಾಗಿ ಇರಲಿಕ್ಕೆ ಆಗಲಿಲ್ಲ. ಚಿರತೆಗೆ ಬೆನ್ನು ಹಾಕಿ ಊಟ ಮಾಡುವವಳು ನಾನು, ಆ ಕರುವಿಗೆ ಬೆನ್ನು ಹಾಕಲಿಕ್ಕೆ ಆಗುತ್ತಿರಲಿಲ್ಲ. ಅದಕ್ಕೆ ಕಣ್ಣಿರಲಿಲ್ಲ, ಎರಡು ಹೊಲಿಗೆ ಇದ್ದವು ಅಷ್ಟೇ. ಆದರೂ ಅದು ಕಾಯುತ್ತಾ ಉಂಟು ಅಂತ ಅನಿಸುತ್ತಿತ್ತು. ಕೆಲಸದಿಂದ ಬಂದಾಗ ಅದರ ಮೇಲೆ ಅಮ್ಮನ ಹಳೆಯ ಸೀರೆಯ ತುಂಡು ಹೊದಿಸಿರುತ್ತಿತ್ತು. ಯಾಕೆ ಅಂತ ಕೇಳಿದರೆ, "ಗಾಳಿ ಉಂಟು" ಅನ್ನುತ್ತಿದ್ದಳು.

ಒಮ್ಮೆ ಅವಳೇ ಕೇಳಿದಳು, "ಇದರ ತಾಯಿಗೆ ಇದು ಸತ್ತದ್ದು ಗೊತ್ತುಂಟಾ?"

"ಗೊತ್ತಿದ್ದರೆ ನೆಕ್ಕುತ್ತದಾ ಅಮ್ಮ?"

"ಗೊತ್ತಿದ್ದರೂ ನೆಕ್ಕುತ್ತದೆ" ಅಂದಳು.

ಮಾರನೆ ದಿನ ನಾನು ಬೇಗ ಬಂದೆ. ಅಮ್ಮ ಜಗಲಿಯಲ್ಲಿ, ಆ ನೋವಿನ ಮಂಡಿ ಊರಿ, ಕರುವಿನ ಮೇಲೆ ಬಗ್ಗಿದ್ದಳು. ನಾನು ನೆಟ್ಟ ಸುಳಿಗೆ ಮೂಗು ತಾಗಿಸಿ ಮೂಸುತ್ತಿದ್ದಳು. ನನಗೆ ಆ ಬಗ್ಗುವಿಕೆ ಗೊತ್ತು. ಕಾದು ನೋಡಿದೆ. ಅವಳು ಮುಖ ತಿರುಗಿಸಲೇ ಇಲ್ಲ. ಹಾಗೆಯೇ ಇದ್ದಳು. ಹುಲ್ಲು ತುಂಬಿದ ಕರುವಿನ ಮೇಲೆ ನನಗೆ ಹೊಟ್ಟೆಕಿಚ್ಚು ಬಂತು, ಈ ವಯಸ್ಸಿನಲ್ಲಿ. ಹೊರಗೆ ಹೋಗಿ ಬಾವಿಕಟ್ಟೆಯಲ್ಲಿ ಕೂತು, ಅವಳು ಒಳಗೆ ಹೋದ ಮೇಲೆ ಚಪ್ಪಲಿ ಸದ್ದು ಮಾಡಿಕೊಂಡು ಬಂದೆ.

ಎರಡನೆಯ ಸಲ ದನದ ಮುಂದೆ ಇಟ್ಟಾಗ ನಾನು ಹಟ್ಟಿಯ ಬಾಗಿಲಿನಲ್ಲೇ ನಿಂತೆ. ದನ ಮೂಸಿತು. ತುಂಬಾ ಹೊತ್ತು ಮೂಸಿತು. ಆಮೇಲೆ ನಾಲಿಗೆ ಹಾಕಿ ಹಣೆಯಿಂದ ಬೆನ್ನಿಗೆ ಒಂದು ಸಲ ನೆಕ್ಕಿತು. ಬಾಯಮ್ಮ ಚೆಂಬು ಹಿಡಿದು ಕೂತರು, ಹಾಲು ಬೀಳುವ ಶಬ್ದ ಕೇಳಿತು. ಉಪ್ಪಿನ ರುಚಿಗೆ ನೆಕ್ಕುವುದು, ಮತ್ತೇನಿಲ್ಲ ಅಂದರು ಗಂಡ. ಇರಬಹುದು. ದನವನ್ನು ಕೇಳಿದವರು ಯಾರು? ಮಾರುವ ಮಾತು ಅಂದಿಗೆ ನಿಂತಿತು.

ಆಮೇಲೆ ಬೋಳಾದಾಗಲೆಲ್ಲ ನಾನು ಹೋಗಿ ನೆಟ್ಟು ಬರುತ್ತಿದ್ದೆ. ಹೋಗುತ್ತಾ ಹೋಗುತ್ತಾ ಕರುವಿನ ಸ್ವಂತ ರೋಮ ಕಡಿಮೆಯಾಯಿತು, ತಾಯಿಯದ್ದೇ ಹೆಚ್ಚಾಯಿತು. ದನ ಮತ್ತೆ ಗಬ್ಬವಾಯಿತು, ಕಾಲ ಬಂದಾಗ ಹಾಲು ಬತ್ತಿತು. ಆಗ ಆ ಕರುವನ್ನು ಮಣ್ಣು ಮಾಡಬೇಕಿತ್ತು. ಅದೇ ಕ್ರಮ. ಬಾಯಮ್ಮ ಮಾಡಲಿಲ್ಲ. "ಇಷ್ಟು ಚಂದ ಮಾಡಿಕೊಟ್ಟದ್ದನ್ನು ಹೇಗೆ ಹೂಳುವುದು?" ಅಂದರು. ನಾನೂ ಸುಮ್ಮನಿದ್ದೆ, ಹೊಗಳಿಕೆ ಯಾರಿಗೆ ಬೇಡ. ಕರು ಹಟ್ಟಿಯಲ್ಲೇ ನಿಂತಿತು. ದನ ಅದರ ಪಕ್ಕದಲ್ಲಿ ಮಲಗುತ್ತಿತ್ತು.

ಒಂದು ಬೆಳಿಗ್ಗೆ ನಾನು ಮಣಿಪಾಲದ ಬಸ್ಸಿಗೆ ಕಾಯುವಾಗ ಬಾಯಮ್ಮನ ಫೋನು ಬಂತು. ದನ ಕರು ಹಾಕಿದೆ, ಬನ್ನಿ ಅಂದರು. ಸಂತೋಷದ ಸ್ವರ ಅಲ್ಲ ಅದು.

ಹೋಗಿ ನೋಡಿದರೆ ಹೊಸ ಕರು ಚರಂಡಿಯ ಬದಿಯಲ್ಲಿ, ಒದ್ದೆ ಮೈ, ನಡುಗುತ್ತಾ ಬಿದ್ದಿದೆ. ಯಾರೂ ನೆಕ್ಕಿಲ್ಲ. ದನ ಅದಕ್ಕೆ ಬೆನ್ನು ಹಾಕಿ ಹುಲ್ಲಿನ ಕರುವನ್ನು ನೆಕ್ಕುತ್ತಿತ್ತು. ಹೆರುವಾಗಿನ ನೀರು ಅದರ ಮೇಲೂ ಬಿದ್ದಿರಬೇಕು. ತಿರುಗಿ ನೋಡುವಾಗ ಮೊದಲು ಕಂಡದ್ದೂ ಅದೇ ಇರಬೇಕು. ಹೊಸ ಕರುವನ್ನು ಎತ್ತಿ ಹತ್ತಿರ ಇಟ್ಟರೆ ಒದೆಯಿತು, ಇನ್ನೊಮ್ಮೆ ಇಟ್ಟರೆ ಹಾಯಲಿಕ್ಕೆ ಬಂತು. ಹುಲ್ಲಿನ ಕರುವನ್ನು ಆಚೆ ತೆಗೆದರೆ ಅಂಬಾ ಅಂತ ಕೂಗಿ ಗೋಡೆಗೆ ತಲೆ ಹೊಡೆಯಿತು. ಪುನಃ ತಂದಿಟ್ಟೆವು. ಆಗ ನೆಕ್ಕುತ್ತಾ ನೆಕ್ಕುತ್ತಾ ನಾಲ್ಕು ಮೊಲೆಗಳಿಂದಲೂ ಹಾಲು ತನ್ನಷ್ಟಕ್ಕೆ ಇಳಿದು ನೆಲಕ್ಕೆ ಬೀಳುತ್ತಿತ್ತು. ಗಿಣ್ಣು ಹಾಲು, ದಪ್ಪ ಹಳದಿ. ಅದು ಚರಂಡಿಗೆ ಹರಿಯುತ್ತಿತ್ತು, ಅದರ ಬದಿಯಲ್ಲಿ ಕರು ಹಸಿದು ಸಾಯುತ್ತಿತ್ತು.

ದನದ ಡಾಕ್ಟರು ಬಂದು ಬಾಟಲಿಯಲ್ಲಿ ಕುಡಿಸಿ ನೋಡಿದರು. ಕರು ಚೀಪಲಿಲ್ಲ, ಬಾಯಿಯ ಬದಿಯಿಂದ ಹಾಲು ಹೊರಗೆ ಬಂತು. "ಇವತ್ತು ತಾಯಿ ಹತ್ತಿರ ಸೇರಿಸಿಕೊಳ್ಳಬೇಕು. ಇಲ್ಲದಿದ್ದರೆ ಕಷ್ಟ" ಅಂತ ಹೇಳಿ ಹೋದರು. ಬಾಯಮ್ಮ ನನ್ನ ಮುಖ ನೋಡಿದರು. ನೋಡಿದವನಿಗೆ ಕೆಲಸ ಕಾಣಬಾರದು ಅಂತ ಕಲಿತವಳು ನಾನು. ದನಕ್ಕೂ ಕಾಣಲಿಲ್ಲ. ಸತ್ತದ್ದನ್ನು ಅಷ್ಟು ಚಂದ ನಿಲ್ಲಿಸಿದ್ದೆ, ಬದುಕಿದ್ದಕ್ಕೆ ನಿಲ್ಲಲಿಕ್ಕೆ ಜಾಗ ಇರಲಿಲ್ಲ. ನನಗೆ ನನ್ನ ಬೆರಳುಗಳ ಮೇಲೆ ಹೇಸಿಗೆ ಆಯಿತು.

ಊಟಕ್ಕೆ ಕಾಯಬೇಡ ಅಂತ ಹೇಳಲಿಕ್ಕೆ ಅಮ್ಮನಿಗೆ ಫೋನು ಮಾಡಿದೆ. ಯಾಕೆ ಅಂತ ಕೇಳಿದಳು, ಹೇಳಿದೆ.

"ಹುಲ್ಲು ತೆಗೆ" ಅಂದಳು. "ಚರ್ಮವನ್ನು ಹೊಸ ಕರುವಿನ ಮೇಲೆ ಕಟ್ಟು. ತಾಯಿಯ ಹತ್ತಿರ ಬಿಡು. ಕುಡಿಯುತ್ತದೆ. ಆಮೇಲೆ ದಿನಾ ಸ್ವಲ್ಪ ಸ್ವಲ್ಪ ಕತ್ತರಿಸಬೇಕು, ಒಮ್ಮೆಲೇ ತೆಗೆಯಬೇಡ. ಕುತ್ತಿಗೆಯದ್ದು ಕೊನೆಗೆ."

"ನೀನು ಮೀನು ಮಾರಿದವಳು. ನಿನಗೆ ದನದ ವಿಷಯ ಎಂತ ಗೊತ್ತು?"

"ದನದ್ದು ಗೊತ್ತಿಲ್ಲ" ಅಂದಳು, ಫೋನು ಇಟ್ಟಳು.

ಬೇರೆ ದಾರಿ ಇರಲಿಲ್ಲ. ನಾನು ಹೊಟ್ಟೆಯ ಹೊಲಿಗೆ ಬಿಚ್ಚಿದೆ, ಹುಲ್ಲು ಹೊರಗೆ ಬಂತು, ಕೋಲು ಎಳೆದೆ. ಒಂದು ವರ್ಷಕ್ಕೂ ಹೆಚ್ಚು ಸಮಯ ನಿಂತಿದ್ದದ್ದು ಒಂದು ಟವೆಲಿನ ಹಾಗೆ ನನ್ನ ಕೈಯಲ್ಲಿ ಮಡಚಿಕೊಂಡಿತು. ತಲೆಯನ್ನು ಬೇರೆ ಮಾಡಿ ಗೋಣಿಯಲ್ಲಿ ಕಟ್ಟಿದೆ. ಮೈಯ ಚರ್ಮವನ್ನು ಬಿಸಿನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿ, ಬಾಯಮ್ಮನ ಹಳೆಯ ಸೀರೆಯ ಅಂಚಿನಿಂದ ಹೊಸ ಕರುವಿನ ಬೆನ್ನಿಗೂ ಕುತ್ತಿಗೆಗೂ ಕಟ್ಟಿದೆ. ಮೇಣ ಬಿಡಲಿಲ್ಲ, ಒಂದು ಎಳೆ ರೋಮ ಉದುರಲಿಲ್ಲ. ಕರು ಬಿದ್ದು ಎದ್ದು ಹೆಜ್ಜೆ ಇಟ್ಟಿತು. ಸತ್ತ ಕರುವೇ ನಡೆದು ಬಂದ ಹಾಗೆ ಕಂಡಿತು. ಬಾಯಮ್ಮ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು.

ದನ ಮೂಸಿತು. ಬೆನ್ನು ಮೂಸಿತು, ಕುತ್ತಿಗೆ ಮೂಸಿತು. ಕುತ್ತಿಗೆಯಲ್ಲಿ ಚರ್ಮ ಮುಗಿದು ಹೊಸ ಕರು ಶುರುವಾಗುವಲ್ಲಿ ಮೂಗು ನಿಂತಿತು. ನಾನು ಬಾಯಮ್ಮನ ತೋಳು ಗಟ್ಟಿಯಾಗಿ ಹಿಡಿದಿದ್ದೆ ಅಂತ ಆಮೇಲೆ ಅವರು ನೀಲಿಗಟ್ಟಿದ್ದು ತೋರಿಸಿದ ಮೇಲೆ ಗೊತ್ತಾಯಿತು. ದನ ನೆಕ್ಕಲಿಕ್ಕೆ ಶುರು ಮಾಡಿತು. ಒದೆಯಲಿಲ್ಲ. ಕರು ತಡಕಾಡಿ, ಮುಂಗಾಲಿನ ಸಂದಿಯಲ್ಲಿ ಹುಡುಕಿ, ತಪ್ಪಿ, ಕೊನೆಗೆ ಮೊಲೆಗೆ ಬಾಯಿ ಹಾಕಿತು.

ಅಂದಿನಿಂದ ಕೆಲಸಕ್ಕೆ ಹೋಗುವ ಮುಂಚೆ ದಿನಾ ಅಲ್ಲಿಗೆ ಹೋಗಿ ಒಂದೊಂದು ಪಟ್ಟಿ ಕತ್ತರಿಸಿದೆ. ಬಾಲದ ಕಡೆಯಿಂದ ತಲೆಯ ಕಡೆಗೆ, ನೆಟ್ಟ ಸಾಲುಗಳನ್ನು ನೆಟ್ಟ ಕ್ರಮದಲ್ಲೇ. ಕತ್ತರಿಸಿದ ಪಟ್ಟಿಗಳನ್ನು ಬಾಯಮ್ಮ ಮಲ್ಲಿಗೆ ಗಿಡದ ಬುಡದಲ್ಲಿ ಹೂಳಿದರು. ಕೊನೆಗೆ ಉಳಿದದ್ದು ಕುತ್ತಿಗೆಯ ಒಂದು ಸುತ್ತು. ಅದನ್ನು ಕತ್ತರಿಸಿದ ದಿನ ದನ ಬಂದು ಕರುವಿನ ಬರಿ ಕುತ್ತಿಗೆಯನ್ನು ಮೂಸಿತು. ದೀರ್ಘವಾಗಿ ಮೂಸಿ, ಮುಖ ತಿರುಗಿಸಿತು.

ಆ ಮುಖ ತಿರುಗಿಸುವುದು ನನಗೆ ಗೊತ್ತಿತ್ತು. ಆಯಿತು, ಹೋಯಿತು ಅಂದುಕೊಂಡೆ. ಆದರೆ ದನ ಬಗ್ಗಿ ಹುಲ್ಲು ತಿನ್ನಲಿಕ್ಕೆ ಶುರು ಮಾಡಿತು. ಕೆಚ್ಚಲಿನಲ್ಲಿ ಕರು ಚಪ್ ಚಪ್ ಅಂತ ಕುಡಿಯುತ್ತಿತ್ತು, ದನ ತನ್ನಷ್ಟಕ್ಕೆ ಮೆಲ್ಲುತ್ತಿತ್ತು. ಅದಕ್ಕೆ ಇನ್ನೇನೂ ಹುಡುಕಲಿಕ್ಕೆ ಇರಲಿಲ್ಲ.

ಅಂದು ಕೆಲಸಕ್ಕೆ ಹೋಗಲಿಲ್ಲ. ಮನೆಗೆ ಬಂದಾಗ ಅಮ್ಮ ಮೆಟ್ಟಿಲಿನಲ್ಲಿ ಕೂತು ಬಂಗುಡೆ ಶುಚಿ ಮಾಡುತ್ತಿದ್ದಳು. ಚಪ್ಪಲಿಯನ್ನೂ ಬಿಚ್ಚದೆ ಕೇಳಿದೆ.

"ಕುತ್ತಿಗೆಯದ್ದು ಕೊನೆಗೆ ಅಂತ ನಿನಗೆ ಹೇಳಿದ್ದು ಯಾರು?"

ಅವಳು ಮೀನಿನ ಕಿವಿರು ಕಿತ್ತು ಬೆಕ್ಕಿಗೆ ಎಸೆದಳು. "ನಿನ್ನ ಅಜ್ಜಿ."

"ಅಜ್ಜಿ ದನ ಸಾಕಿದ್ದಳಾ?"

"ಇಲ್ಲ" ಅಂದಳು. ಕತ್ತಿ ಕೆಳಗಿಟ್ಟಳು. "ನೀನು ಹುಟ್ಟಿದಾಗ ನನಗೆ ಹಾಲು ಇಳಿಯಲಿಲ್ಲ. ನಿನ್ನನ್ನು ಮುಟ್ಟಲಿಕ್ಕೇ ಮನಸ್ಸಾಗಲಿಲ್ಲ. ಅಳು ಕೇಳಿದರೆ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದೆ. ನೀನು ಇಷ್ಟೇ ಇದ್ದೆ, ನೀಲಿ ಆಗಿದ್ದೆ. ನಿನ್ನ ಅಕ್ಕ ಹೋಗುವಾಗ ಹಾಕಿದ್ದ ಆ ಫೋಟೋದ ಫ್ರಾಕನ್ನು ನಾನು ತೊಳೆಯದೆ ಇಟ್ಟಿದ್ದೆ. ಅಜ್ಜಿ ಅದನ್ನು ನಿನಗೆ ಸುತ್ತಿ ನನ್ನ ಎದೆಯ ಮೇಲೆ ಹಾಕಿದಳು. ಆಗ ಇಳಿಯಿತು."

ಅಮ್ಮ ಬೆಕ್ಕನ್ನು ಕಾಲಿನಿಂದ ಆಚೆ ತಳ್ಳಿದಳು.

"ಆಮೇಲೆ ಅಜ್ಜಿ ದಿನಾ ಒಂದು ತುಂಡು ಕತ್ತರಿಸುತ್ತಿದ್ದಳು. ನನಗೆ ಗೊತ್ತಾಗದ ಹಾಗೆ. ಗೊತ್ತಾಗುತ್ತಿತ್ತು. ಕೊನೆಗೆ ಕಾಲರ್ ಮಾತ್ರ ನಿನ್ನ ಕುತ್ತಿಗೆಯಲ್ಲಿತ್ತು. ಒಂದು ದಿನ ಅದೂ ಇರಲಿಲ್ಲ. ನಿನ್ನನ್ನು ಮೂ‌ಸಿ ನೋಡಿದೆ. ಅವಳ ವಾಸನೆ ಇಲ್ಲ, ನಿನ್ನದೇ. ಕುಡಿಸಿದೆ."

"ಮತ್ತೆ ಯಾಕೆ?" ನನ್ನ ಸ್ವರ ಜೋರಾಯಿತು, ಆಗಲಿ. "ಮತ್ತೆ ಯಾಕೆ ನಾನು ಶಾಲೆಗೆ ಹೋಗುವಷ್ಟು ದೊಡ್ಡವಳಾದ ಮೇಲೂ ದಿನಾ ಬೆಳಿಗ್ಗೆ ನನ್ನ ನೆತ್ತಿಯಲ್ಲಿ ಅವಳನ್ನು ಹುಡುಕುತ್ತಿದ್ದೆ? ಸಿಗಲಿಲ್ಲ ಅಂತ ಮುಖ ತಿರುಗಿಸಿ ಹೋಗುತ್ತಿದ್ದೆ?"

ಅಮ್ಮ ನನ್ನನ್ನು ನೋಡಿದಳು, ನನಗೆ ಬುದ್ಧಿ ಕಡಿಮೆ ಅಂತ ಅವಳಿಗೆ ಮೊದಲೇ ಗೊತ್ತಿದ್ದ ಹಾಗೆ. "ಹುಡುಕುವುದು ಎಂತ? ಕೇರಿಯವರೆಲ್ಲ ಅವಳೇ ಬಂದದ್ದು, ಅವಳೇ ಬಂದದ್ದು ಅಂತ ಹೇಳುತ್ತಿದ್ದರು. ಅವಳು ಬಂದಿದ್ದರೆ ನೀನು ಎಲ್ಲಿಗೆ ಹೋಗುವುದು? ಹೆದರಿಕೆ ಆಗುತ್ತಿತ್ತು. ದಿನಾ ಮೂಸಿ, ನೀನೇ ಇದ್ದಿ ಅಂತ ಗೊತ್ತಾದ ಮೇಲೆ ಬುಟ್ಟಿ ಎತ್ತಿಕೊಂಡು ಹೋಗುತ್ತಿದ್ದೆ."

ನನಗೆ ಅಳು ಬಂತು. ಅಳುವುದನ್ನು ನಾನು ಇಷ್ಟಪಡುವವಳಲ್ಲ, ಆದರೆ ಬಂತು. ಅವಳ ಕೆಳಗಿನ ಮೆಟ್ಟಿಲಿನಲ್ಲಿ ಕೂತು ತಲೆ ಬಗ್ಗಿಸಿದೆ. ಈಗ ನನ್ನ ನೆತ್ತಿಯಲ್ಲೂ ಕೂದಲು ತೆಳುವಾಗಿ ಬೋಳು ಕಾಣುತ್ತದೆ, ಅದಕ್ಕೆ ನೆಡುವವರು ಯಾರೂ ಇಲ್ಲ. ಅಮ್ಮ ಮೀನಿನ ಕೈಯನ್ನು ಹಿಂದಕ್ಕೆ ಹಿಡಿದುಕೊಂಡು ಬಗ್ಗಿದಳು. ಅವಳ ಉಸಿರು ನೆತ್ತಿಗೆ ತಾಗಿತು, ತುಂಬಾ ಹೊತ್ತು.

"ದನದ ವಾಸನೆ ಬರ್ತಾ ಉಂಟು" ಅಂದಳು. "ಹೋಗಿ ಸ್ನಾನ ಮಾಡು." ಆಮೇಲೆ ಮುಖ ತಿರುಗಿಸಿ ಮುಂದಿನ ಬಂಗುಡೆ ಕೈಗೆ ತೆಗೆದುಕೊಂಡಳು.